ಗೀರು ಬೀಳದ ಬೀಗ

ನಮ್ಮಣ್ಣನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದು ತುಕ್ಕು ಹಿಡಿದ ಬೀಗ ತೆಗೆಯುವುದಕ್ಕಿಂತ ಕಷ್ಟ. ಮೂವತ್ತು ವರ್ಷದಿಂದ ಬೀಗ ರಿಪೇರಿ, ಕೀಲಿ ಮಾಡುವ ಕೆಲಸ. ಇಬ್ಬರು ಕೂತರೆ ಮೂರನೆಯವನಿಗೆ ಜಾಗವಿಲ್ಲದ ಅಂಗಡಿ. ಕೀಲಿ ಕಳೆದುಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಕೀಲಿ. ಬೀಗ ಒಡೆದು ಕೊಡಿ ಎಂದವರನ್ನಂತೂ ಹತ್ತಿರ ಸೇರಿಸುತ್ತಿರಲಿಲ್ಲ. "ಒಡೆಯೋದಕ್ಕೆ ನಾನ್ಯಾಕೆ? ಅಲ್ಲೇ ಕಲ್ಲು ಬಿದ್ದಿದೆ, ತಗೊಂಡು ಹೋಗಿ" ಎನ್ನುತ್ತಿದ್ದ.

ನನ್ನ ತಮ್ಮ ಕೆಲಸ ಕಲಿತದ್ದು ಅವನ ಹತ್ತಿರವೇ. ಹತ್ತು ವರ್ಷ ಪಕ್ಕದಲ್ಲಿ ಕೂತು ಅರ ಹಿಡಿದು ಕೀಲಿ ಉಜ್ಜಿದ. ಅವನು ಮಾಡಿದ ಕೀಲಿಯನ್ನು ಅಣ್ಣ ಬೆಳಕಿಗೆ ಹಿಡಿದು ನೋಡಿ "ಹೂಂ" ಎಂದು ಪಕ್ಕಕ್ಕಿಡುತ್ತಿದ್ದ. ಅಷ್ಟೇ ಸರ್ಟಿಫಿಕೇಟು. ನಾನೇ ಎಷ್ಟೋ ಸಲ ಜಗಳವಾಡಿದ್ದೇನೆ: "ಚೆನ್ನಾಗಿದೆ ಕಣೋ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಹೊಗಳಿದ್ರೆ ತಲೆ ಮೇಲೆ ಕೂರ್ತಾನೆ."

ಹೊಗಳದೆ ಇದ್ದರೂ ಅವನು ನೆಟ್ಟಗೆ ಉಳಿಯಲಿಲ್ಲ. ಅಂಗಡಿ ಬಿಟ್ಟ, ಕೆಟ್ಟ ಸಹವಾಸ ಹಿಡಿದ, ಮೂರು ಮನೆಗಳಲ್ಲಿ ಕಳವು ಮಾಡಿ ಸಿಕ್ಕಿಬಿದ್ದ. ತಪ್ಪು ಒಪ್ಪಿಕೊಂಡೂ ಆಯಿತು. ಶಿಕ್ಷೆ ಎಷ್ಟು ಎನ್ನುವುದೊಂದೇ ಬಾಕಿ.

ಎಂಟು ತಿಂಗಳು ಆಗಲೇ ಜೈಲಿನಲ್ಲಿ ಕಳೆದಿದ್ದ. ಒಂದು ವರ್ಷ ಕೊಟ್ಟರೆ ಇನ್ನು ನಾಲ್ಕೇ ತಿಂಗಳಿಗೆ ಮನೆಗೆ ಬರುತ್ತಾನೆ ಎಂದರು ವಕೀಲರು. ಹಾಸಿಗೆ ಹಿಡಿದ ಅಮ್ಮ ಆ ನಾಲ್ಕು ತಿಂಗಳಿಗಾಗಿಯೇ ಜೀವ ಹಿಡಿದುಕೊಂಡಿದ್ದಳು. ಕೋರ್ಟಿನಲ್ಲಿ ಹೇಳಲು ಅಣ್ಣನಿಗೆ ವಕೀಲರು ಕಲಿಸಿದ್ದು ಎರಡೇ ಮಾತು: ಅಂಗಡಿಗೆ ಸೇರಿಸಿಕೊಳ್ಳುತ್ತೇನೆ, ಇವನಿಗೆ ನಾನು ಜವಾಬ್ದಾರಿ. "ಅದರಾಚೆ ತುಟಿ ಪಿಟಕ್ ಅನ್ನಬೇಡಿ."

ಎರಡೂ ಮಾತನ್ನು ಅಣ್ಣ ಸರಿಯಾಗಿಯೇ ಹೇಳಿದ. ನ್ಯಾಯಾಧೀಶರು ತಲೆಯಾಡಿಸಿದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಸರ್ಕಾರಿ ವಕೀಲರು ಎದ್ದರು. "ಸ್ವಾಮಿ, ಈತ ಮೂರು ಮನೆಯ ಬೀಗಗಳನ್ನು ಒಡೆದು..."

"ಒಡೆದಿಲ್ಲ" ಎಂದ ಅಣ್ಣ.

ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ. ಅವನಿಗೆ ಅದೆಲ್ಲಿ ಗೊತ್ತಾಗಬೇಕು.

"ಒಡೆದಿಲ್ಲ ಸ್ವಾಮಿ. ಕಳ್ಳ ಯಾರು ಅಂತ ಗೊತ್ತಾಗೋ ಮುಂಚೆ ಪೊಲೀಸರು ಆ ಬೀಗಗಳನ್ನ ನನಗೇ ತೋರಿಸಿದ್ರು. ಒಂದರ ಮೇಲೂ ಗೀರಿಲ್ಲ. ಆ ಮೂರರಲ್ಲಿ ಒಂದು ಟೀಚರಮ್ಮನ ಮನೆ, ಅಲ್ಲಿ ಹೊಲಿಗೆ ಯಂತ್ರ ತಗೊಂಡು, ಬೀಗ ವಾಪಸ್ ಹಾಕಿ ಹೋಗಿದ್ದಾನೆ. ಎರಡು ದಿನ ಅವರಿಗೆ ಗೊತ್ತೇ ಆಗಿಲ್ಲ. ಆ ಬೀಗ ತೆಗೆಯೋಕೆ ನನಗೇ ಅರ್ಧ ಗಂಟೆ ಬೇಕು. ಇಂಥ ಕೈ ನಾನು ಇನ್ನೊಬ್ಬರಲ್ಲಿ ಕಂಡಿಲ್ಲ."

ಶಿಕ್ಷೆ ಕಡಿಮೆಯಾಗಲಿ ಎಂದೇ ಹೇಳಿದ, ಪಾಪ. ಬೀಗ ಹಾಳು ಮಾಡದವನು ಅವನ ಲೆಕ್ಕದಲ್ಲಿ ಅರ್ಧ ನಿರಪರಾಧಿ. ನಮ್ಮ ವಕೀಲರು ಹಣೆ ಹಿಡಿದುಕೊಂಡು ಕೂತರು.

ನ್ಯಾಯಾಧೀಶರು ಬಹಳ ಹೊತ್ತು ಬರೆದರು. "ಏನೋ ಬುದ್ಧಿ ಕೆಟ್ಟು ಮಾಡಿದ್ದಾನೆ ಅಂದುಕೊಂಡಿದ್ದೆ. ಇದು ಪಳಗಿದ ಕೈ ಅಂತ ಸ್ವಂತ ಅಣ್ಣನೇ ಹೇಳ್ತಿದ್ದಾರೆ" ಎಂದರು. ಐದು ವರ್ಷ.

ಹೊರಗೆ ಮೊಗಸಾಲೆಯಲ್ಲಿ ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಪೊಲೀಸರು ತಮ್ಮನನ್ನು ಕರೆತಂದರು. ಅವನು ಅಣ್ಣನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ಅಣ್ಣನ ಮುಂದೆ ನಿಂತ.

"ಅಣ್ಣ, ನನ್ನ ಕೆಲಸ ಚೆನ್ನಾಗಿದೆ ಅಂತ ನೀನು ಅಂದಿದ್ದು ಇದೇ ಮೊದಲು."



ಅಂದಿನಿಂದ ಅಣ್ಣ ಅಂಗಡಿಗೆ ಬಂದವರನ್ನು ಬೈಯುವುದಿಲ್ಲ. ಕೊಟ್ಟದ್ದನ್ನು ರಿಪೇರಿ ಮಾಡುತ್ತಾನೆ, ಒಡೆಯಿರಿ ಎಂದರೆ ಒಡೆಯುತ್ತಾನೆ. ಅಮ್ಮನಿಗೆ ನಾಲ್ಕೇ ತಿಂಗಳು ಎಂದು ಹೇಳಿದ್ದೆವು. ಮೊನ್ನೆ ಅದೂ ಮುಗಿಯಿತು. ಈಗ ಬಾಗಿಲು ಸದ್ದಾದಾಗೆಲ್ಲ ದಿಂಬಿನಿಂದ ತಲೆ ಎತ್ತಿ ನೋಡುತ್ತಾಳೆ.