ಅಪ್ಪ ಗೋವಾದಲ್ಲಿಲ್ಲ

ಮಕ್ಕಳಿಗೆ ಸತ್ಯ ಭಾರವಾಗುತ್ತದೆ ಎಂಬ ವಾದವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸಬಲ್ಲಳೆಂಬ ಹೆಸರು ನನಗಿತ್ತು. ಆದರೆ ಈ ಒಂದು ವಿಷಯದಲ್ಲಿ ಎದುರು ಪಕ್ಷ ವಹಿಸೆಂದರೆ ವೇದಿಕೆಯಿಂದ ಇಳಿದುಬಿಡುತ್ತೇನೆ. ಅದಕ್ಕೆ ಕಾರಣ ಮೂರನೆಯ ತರಗತಿಯ ಒಬ್ಬ ಹುಡುಗಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಗಾವತಿಯಿಂದ ಹೇಮಗುಡ್ಡದ ಕಡೆಗಿರುವ ಒಂದು ಹಳ್ಳಿಗೆ ನಾನು ಶಿಕ್ಷಕಿಯಾಗಿ ಬಂದಿದ್ದೆ. ಕಾಲುವೆ ಆ ಊರಿಗೆ ಭತ್ತ ತಂದಿತ್ತು. ಭತ್ತದ ಬೆನ್ನಿಗೇ ನೀರಿನ ಪಾಳಿಯ ಜಗಳಗಳನ್ನೂ ತಂದಿತ್ತು. ಅಂಥ ಒಂದು ಜಗಳದಲ್ಲಿ ಆ ಹುಡುಗಿಯ ಅಪ್ಪ ಸಲಿಕೆಯ ಕಾವಿನಿಂದ ಪಕ್ಕದ ಹೊಲದವನ ಮುಖಕ್ಕೆ ಹೊಡೆದ. ಪೆಟ್ಟು ತಿಂದವನು ಬದುಕಿದ, ಒಂದು ಕಣ್ಣು ಹೋಯಿತು. ಹೊಡೆದವನು ಬಳ್ಳಾರಿಯ ಜೈಲು ಸೇರಿದ. ಊರಿಗೆಲ್ಲ ತಿಳಿದಿದ್ದ ಈ ಸಂಗತಿ ಮಗಳೊಬ್ಬಳಿಗೇ ತಿಳಿದಿರಲಿಲ್ಲ. ಜೈಲಿಗೆ ಹೋದವರನ್ನು ಮಕ್ಕಳ ಮುಂದೆ ಬಾಯಿಮಾತಿನಲ್ಲೇ ಗೋವಾಕ್ಕೆ ದುಡಿಯಲು ಕಳಿಸಿಬಿಡುವುದು ಅಲ್ಲಿನ ಮನೆಗಳ ರೂಢಿ. ಅಪ್ಪ ಗೋವಾದಲ್ಲಿದ್ದಾನೆಂದು ಹುಡುಗಿ ಶಾಲೆಯಲ್ಲಿ ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದಳು.

ಒಂದು ದಿನ ಅವಳ ಓರಗೆಯವಳೊಬ್ಬಳು ಎಲ್ಲರೆದುರು ಕೇಳಿದಳು: "ಹೌದೇನ? ಗೋವಾದ ಬಸ್ಸಿಗೆ ಪೊಲೀಸರು ಹತ್ತಸ್ತಾರೇನಲೇ?"

ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ವಾರ ಕಳೆದ ಮೇಲೆ ನಾನೇ ಅವಳ ಮನೆಗೆ ಹೋದೆ. ತಾಯಿ ನಾಟಿಗೆ ಹೋಗಿದ್ದಳು. ಅಕ್ಕಿ ಹಸನು ಮಾಡುತ್ತಿದ್ದ ಅಜ್ಜಿ, ಅಂದರೆ ಜೈಲಿನಲ್ಲಿದ್ದವನ ತಾಯಿ, ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಹುಡುಗೀನ ಕಳಸ್ರಿ ಅಂತ ಹೇಳಾಕ ಬಂದಿದ್ರ, ಕಳಸಂಗಿಲ್ರಿ ಅಕ್ಕಾರ. ಮೊದಲ ನಿಮ್ಮ ಹುಡುಗೂರ ಬಾಯಿಗೆ ಬೀಗ ಹಾಕ್ರಿ."

"ಎಷ್ಟು ಬಾಯಿಗೆ ಹಾಕ್ಲಿ ಆಯಿ? ಆಕಿಗೆ ಖರೇ ಹೇಳಿಬಿಡ್ರಿ."

"ನಿಮಗ ಮಕ್ಕಳು ಅದಾವೇನ್ರಿ?"

"ಇಲ್ಲ."

"ಅದಕ್ಕ ಇಷ್ಟು ಹಗುರ ಮಾತಾಡ್ತೀರಿ." ಮೊರವನ್ನೊಮ್ಮೆ ತಟ್ಟಿದಳು. "ಹೆಂಗ ಹೇಳ್ಬೇಕು ನೀವ ಹೇಳ್ರಿ. ನನ್ನ ಬಾಯಾಗ ಆ ಮಾತು ಬರಂಗಿಲ್ಲ."

ಬಾಯಲ್ಲಿ ಬಾರದ ಮಾತನ್ನು ಚಿತ್ರ ಹೇಳಬಹುದಲ್ಲ ಎಂದು ನನಗೆ ಹೊಳೆದದ್ದು ಆಗ. ಗಂಗಾವತಿಯ ಪುಸ್ತಕದಂಗಡಿಯಲ್ಲಿ ಹಣ್ಣು, ಪ್ರಾಣಿ, ದೇವರುಗಳ ಚಿತ್ರಪುಸ್ತಕಗಳಿದ್ದವು. ಅಪ್ಪ ಜೈಲಿಗೆ ಹೋದ ಮಗುವಿನ ಪುಸ್ತಕ ಇದೆಯೇ ಎಂದಾಗ ಅಂಗಡಿಯವನು, "ಅದನ್ನ ಪೊಲೀಸ್ ಠಾಣೆದಾಗ ಕೇಳ್ರಿ ಅಕ್ಕಾರ," ಎಂದು ನಕ್ಕ. ಇಲ್ಲದ ಪುಸ್ತಕವನ್ನು ಮಾಡಿಯೇ ತೀರುತ್ತೇನೆಂದು ನಾನು ಕಿನ್ನಾಳಕ್ಕೆ ಹೋದೆ. ಅಲ್ಲಿ ತೊಟ್ಟಿಲು, ಗೊಂಬೆಗಳಿಗೆ ಬಣ್ಣ ಬರೆಯುವ ಹಿರಿಯರೊಬ್ಬರು ನಾನು ಒಯ್ದ ದಪ್ಪ ರಟ್ಟುಗಳ ಮೇಲೆ ಚಿತ್ರ ಬರೆಯಲು ಒಪ್ಪಿದರು.

ಮೊದಲ ಚಿತ್ರ ನೋಡಿ ನನಗೆ ದಿಗಿಲಾಯಿತು. ಜೈಲಿನ ಬಾಗಿಲಲ್ಲಿ ಗದೆ ಹಿಡಿದ ಇಬ್ಬರು ದ್ವಾರಪಾಲಕರು. ಸರಳುಗಳ ಹಿಂದೆ ಹಸಿರು ಮೈಯ, ಕೋರೆಹಲ್ಲಿನ ಅಪ್ಪ.

"ಕಾಕಾ, ಇಂವ ರಾಕ್ಷಸ ಆಗ್ಯಾನಲ್ರಿ!"

"ಜೈಲಿನ್ಯಾಗ ಅದಾನ ಅಂದ್ರಿ ಮತ್ತ. ಬ್ಯಾಡಂದ್ರ ಕಿರೀಟ ಇಡ್ತೀನಿ ತಗೋರಿ. ನನ್ನ ಕೈಗೆ ಎರಡೇ ಬರ್ತಾವ, ದೇವರು, ಇಲ್ಲಾ ರಾಕ್ಷಸ."

"ನಂಗ ಎರಡೂ ಬ್ಯಾಡ. ಮನಷ್ಯಾ ಬೇಕು."

"ಹಂಗಾರ ಅಂವನ್ನ ಕಂಡವ್ರನ್ನ ಕರಕೊಂಡು ಬರ್ರಿ. ನೀವೂ ಕಂಡಿಲ್ಲ, ನಾನೂ ಕಂಡಿಲ್ಲ."

ಮಾತು ನ್ಯಾಯವಾಗಿತ್ತು. ನಿಮ್ಮ ಮಗನ ಚಿತ್ರ ಬರೆಸುತ್ತಿದ್ದೇನೆ, ಮುಖ ಹೇಗಿದೆ ಎಂದು ನೀವೇ ಬಂದು ಹೇಳಬೇಕು ಎಂದಾಗ ಅಜ್ಜಿ ಹೊರಟುಬಿಟ್ಟಳು. ಒಂದು ಷರತ್ತು ಹಾಕಿದಳು: ಹೊಡೆದದ್ದನ್ನು ಬರೆಯಕೂಡದು. ಬರೆಯಲೇಬೇಕೆಂದು ದಾರಿಯ ಹಿಟ್ನಾಳದವರೆಗೂ ಬಸ್ಸಿನಲ್ಲಿ ವಾದಿಸಿದೆ. ಅವಳು ಮಣಿಯಲಿಲ್ಲ. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲವೆಂದು ಮೊಮ್ಮಗಳನ್ನೂ ಕರೆತಂದಿದ್ದಳು. ಹುಡುಗಿ ನಿದ್ದೆ ಹೋಗಿದ್ದರಿಂದ ನಮ್ಮ ವಾದ ಅವಳ ಕಿವಿಗೆ ಬೀಳಲಿಲ್ಲ.

ಕಿನ್ನಾಳದಲ್ಲಿ ಅಜ್ಜಿಯ ಮಾತು ಹರಿಯಿತು. "ಮೂಗು ಅಷ್ಟು ಚೂಪಲ್ರಿ. ಹಣಿ ಅಗಲ ಮಾಡ್ರಿ. ಎಡಗಡಿ ಹುಬ್ಬಿನ್ಯಾಗ ಗಾಯದ ಗುರುತೈತಿ, ಸಣ್ಣಾವಿದ್ದಾಗ ಬಂಡಿಯಿಂದ ಬಿದ್ದಿದ್ದ." ಕುಂಚದ ಕೆಳಗೆ, ಸರಳುಗಳ ಹಿಂದೆ, ಒಬ್ಬ ಮನುಷ್ಯ ಮೂಡುತ್ತಿದ್ದ. ಹುಡುಗಿ ಗುರುತು ಹಿಡಿದು ಬಳಿ ಬಂದಳು.

"ಅಪ್ಪ! ಈ ಕಬ್ಬಿಣ ಯಾಕ ಆಯಿ? ಗೋವಾದಾಗ ಮನಿ ಹಿಂಗ ಇರ್ತಾವೇನ?"

ಅವಳೇ ಮುಂದುವರಿಸಿದಳು: "ನಾ ಬೆಳ್ಳಿ ಗೆಜ್ಜಿ ಬೇಕಂತ ಹಟ ಹಿಡದಿದ್ದಕ್ಕ ಅಂವ ದುಡಿಯಾಕ ಹೋಗ್ಯಾನ. ನಂಗ ಬ್ಯಾಡಂತ ಹೇಳಿ ಕಳಸ ಆಯಿ. ಬಂದುಬಿಡು ಅನ್ನು."

ಪ್ರೀತಿಯಿಂದ ಹೇಳಿದ ಸುಳ್ಳಿನೊಳಗೆ ಮಗು ತನಗೊಂದು ಅಪರಾಧ ಹುಡುಕಿಕೊಂಡಿತ್ತು. ಸತ್ಯ ಭಾರವೆನ್ನುವವರು ಈ ಭಾರವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ?

ಅಜ್ಜಿ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಿನ್ನ ಸಲುವಾಗಿ ಅಲ್ಲ ನನ್ನವ್ವ. ಗೋವಾನೂ ಇಲ್ಲ, ಏನೂ ಇಲ್ಲ. ನಿಮ್ಮಪ್ಪ ನೀರಿನ ಜಗಳದಾಗ ಒಬ್ಬಾತನ್ನ ಹೊಡದ. ಆತನ ಕಣ್ಣು ಹೋತು. ಅದಕ್ಕ ಜೈಲಿನ್ಯಾಗ ಇಟ್ಟಾರ. ಶಿಕ್ಷಾ ಮುಗದ ಮ್ಯಾಲೆ ಬಿಡ್ತಾರ."

ಹುಡುಗಿ ಅಳುವಳೆಂದು ನಾವು ಕಾದೆವು. ಅವಳು ಕೇಳಿದ್ದು, "ಅಲ್ಲಿ ಉಣ್ಣಾಕ ಹಾಕ್ತಾರಾ?"

"ಹಾಕ್ತಾರವ್ವ," ಎಂದು ಚಿತ್ರ ಬರೆಯುವವರು ಅಪ್ಪನ ಮುಂದೆ ಒಂದು ತಾಟು, ತಾಟಿನಲ್ಲಿ ರೊಟ್ಟಿ ಬರೆದರು. ಆಮೇಲೆ ಅವಳು ಅತ್ತಳು. ಬಹಳ ಹೊತ್ತು ಅತ್ತಳು. ಅಜ್ಜಿ ನನ್ನ ಕಡೆ ತಿರುಗಿ, "ಹೊಡದದ್ದೂ ಬರಸ್ರಿ," ಎಂದಳು.

ಚಿತ್ರಗಳ ಕೆಳಗೆ ನಾನು ದೊಡ್ಡ ಅಕ್ಷರಗಳಲ್ಲಿ ಸಣ್ಣ ವಾಕ್ಯಗಳನ್ನು ಬರೆದೆ. ಸೋಮವಾರ ಹುಡುಗಿ ಪುಸ್ತಕ ಹಿಡಿದು ಶಾಲೆಗೆ ಬಂದಳು. ಓರಗೆಯವಳು ಬಾಯಿ ತೆರೆಯುವ ಮೊದಲೇ, "ಗೋವಾದಾಗ ಇಲ್ಲ, ಜೈಲಿನ್ಯಾಗ ಅದಾನ. ಬಾ, ತೋರಸ್ತೀನಿ," ಎಂದಳು. ಮಕ್ಕಳೆಲ್ಲ ಸುತ್ತ ಕೂತರು, ಅವಳು ಓದತೊಡಗಿದಳು.

ಸುದ್ದಿ ತಿಳಿದ ಹೆಡ್‌ಮಾಸ್ತರರು ನನ್ನನ್ನು ಪಡಸಾಲೆಗೆ ಕರೆದರು. "ಸಾಲಿಯೊಳಗ ಕೈದಿ ಚಿತ್ರ ಏನ್ರಿ ಅಕ್ಕಾರ? ನಾಳೆ ಸಾಲಿ ಇನ್ಸ್‌ಪೆಕ್ಟರ್ ಬಂದ್ರ ಏನ್ ಹೇಳ್ಲಿ?"

"ಮೂರನೇ ಇಯತ್ತೆ ಹುಡುಗಿ ತಪ್ಪಿಲ್ಲದ ಓದ್ತಾಳ ಅಂತ ಹೇಳ್ರಿ ಸರ."

"ಇದು ಚರ್ಚಾಸ್ಪರ್ಧೆ ಅಲ್ಲ. ಆ ಪುಸ್ತಕ ತರಿಸ್ರಿ."

"ತರಿಸಂಗಿಲ್ರಿ. ಬೇಕಂದ್ರ ನನ್ನ ವರ್ಗಾ ಮಾಡಿಸ್ರಿ."

ಅವರು ತಾವೇ ಒಳಗೆ ಬಂದು ಕೈ ಚಾಚಿದರು. ಹುಡುಗಿ ಎದ್ದು ನಿಂತು ಪುಸ್ತಕವನ್ನು ಎದೆಗವಚಿಕೊಂಡಳು. "ಕೊಡಂಗಿಲ್ರಿ ಸರ. ಓದೂದಿದ್ರ ಇಲ್ಲೇ ಕುಂತು ಓದ್ರಿ."

ಅವರು ಕುಳಿತುಕೊಳ್ಳಲಿಲ್ಲ. ಕಸಿದುಕೊಳ್ಳಲೂ ಇಲ್ಲ. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಬಾಗಿಲಲ್ಲಿ ನಿಂತರು. ಹುಡುಗಿ ಪುಸ್ತಕ ಬಿಚ್ಚಿ, ಬಿಟ್ಟ ಸಾಲನ್ನು ಬೆರಳಿನಿಂದ ಹುಡುಕಿ, ಮೊದಲಿಗಿಂತ ಗಟ್ಟಿಯಾಗಿ ಓದಿದಳು:

"ಅಪ್ಪ ತಪ್ಪು ಮಾಡಿದ. ನಾನು ಮಾಡಲಿಲ್ಲ."