ಗಾಳಿಯ ಜ್ವರ ಅಳೆದ ಹಿರಿಯಣ್ಣನವರು

ಒಂದಾನೊಂದು ರಾಜ್ಯದಲ್ಲಿ ಒಬ್ಬ ರಾಜನಿದ್ದನಂತೆ. ಊರ ಬಾವಿ ಏಳು ಮಾರು ಆಳವಿದೆಯೆಂದು ಅವನ ತಾತನ ಕಾಲದಲ್ಲಿ ಯಾರೋ ತಾಮ್ರದ ತಗಡಿನ ಮೇಲೆ ಕೆತ್ತಿಸಿದ್ದರಂತೆ. ಅಲ್ಲಿಂದ ಮುಂದೆ ಯಾರು ಕೇಳಿದರೂ ಏಳು ಮಾರು ಎಂದೇ ಹೇಳಬೇಕು. ಮಂತ್ರಿಗಳು ಹಾಗೇ ಹೇಳಿದರು, ಪಂಡಿತರು ಹಾಗೇ ಹೇಳಿದರು. ನೀರು ಸೇದುವವನೊಬ್ಬ ಮಾತ್ರ, ‘ಮಹಾಸ್ವಾಮಿ, ನನ್ನ ಹಗ್ಗ ಐದು ಮಾರಿಗೇ ತಳ ಮುಟ್ಟುತ್ತದೆ’ ಎಂದನಂತೆ. ನನ್ನಜ್ಜಿ ಪುಷ್ಪಮ್ಮ ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಅವನಿಗೆ ಏನಾಯ್ತಜ್ಜಿ ಎಂದು ಪೀಡಿಸಿದರೆ, “ನೀ ದೊಡ್ಡೋಳಾದ್ಮೇಲೆ ನೋಡ್ಕಂಡು ಬಂದು ನಂಗೇ ಹೇಳು ಮಾರಾಯ್ತಿ” ಎನ್ನುತ್ತಿದ್ದರು. ನೋಡಿಕೊಂಡು ಬಂದಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಭದ್ರಾವತಿಯ ನಮ್ಮ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತಾರು ವರ್ಷ ಅಟೆಂಡರ್ ಆಗಿ ದುಡಿದು, ಈ ವರ್ಷದ ಮೇ ಕೊನೆಗೆ ನಿವೃತ್ತರಾದ ಶ್ರೀ ಹಿರಿಯಣ್ಣನವರಿಗೆ ಹಳೆಯ ವಿದ್ಯಾರ್ಥಿಗಳಾದ ನಾವು ಈ ಗ್ರಂಥವನ್ನು ಅರ್ಪಿಸಲು ಹೊರಟಾಗ, “ಶಾಲು ಹೊದಿಸಿ ಒಂದು ಬುಟ್ಟಿ ಹಣ್ಣು ಕೊಟ್ಟರೆ ಸಾಲದೇ? ಅಟೆಂಡರಿಗೂ ಅಭಿನಂದನ ಗ್ರಂಥವೇ?” ಎಂದು ಕೇಳಿದವರಿದ್ದಾರೆ. ಹೌದು, ಅಟೆಂಡರಿಗೇ. ಶಬ್ದದ ವೇಗದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಪಾಠ ಹೇಳಿದವರು ನೂರಾರು ಮಂದಿ. ಅದನ್ನು ದಿನವೂ ಅಳೆದವರು ನಾನು ಬಲ್ಲಂತೆ ಇವರೊಬ್ಬರೇ. ಇವರಿಗಲ್ಲದೆ ಇನ್ನಾರಿಗೆ ಬರೆಯೋಣ?

ಆಯನೂರಿನ ಕಡೆಯ ರೈತಾಪಿ ಮನೆತನದ ಹಿರಿಯಣ್ಣನವರು ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತನಾಲ್ಕರ ಹರೆಯದಲ್ಲಿ ಈ ಕೆಲಸಕ್ಕೆ ಸೇರಿದರು. ಅವರ ಪಾಲಿಗೆ ಬಂದದ್ದು ಗುಡಿಸುವುದು, ಒರೆಸುವುದು, ನೀರು ತುಂಬುವುದು, ಉಪಕರಣ ಜೋಡಿಸುವುದು. ಆದರೆ ಜೋಡಿಸಿದ ಉಪಕರಣ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡದೆ ಹುಡುಗರ ಕೈಗೆ ಕೊಡುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹೀಗೆ ನೋಡುತ್ತ ನೋಡುತ್ತಲೇ ಅವರು ಇಡೀ ಪಠ್ಯಕ್ರಮವನ್ನು ಕೈಯಿಂದ ಕಲಿತರು. ಸೋಡಿಯಂ ದೀಪ ಹೊತ್ತಿಸಿದೊಡನೆ ಹಳದಿ ಬರದೆ ಕೆಂಪಗೆ ಮಿಣುಕುವಾಗ ಗಡಿಬಿಡಿ ಮಾಡುವವರಿಗೆ, “ಈಗ ಎದ್ದೈತೆ, ಮುಖ ತೊಳ್ಕಳ್ಳಿ ಬಿಡಿ” ಎನ್ನುತ್ತಿದ್ದರು. ದೂರದರ್ಶಕದಲ್ಲಿ ಒಂದು ಕಣ್ಣಿಟ್ಟು ಇನ್ನೊಂದನ್ನು ಗಟ್ಟಿಯಾಗಿ ಮುಚ್ಚಿ ಒದ್ದಾಡುತ್ತಿದ್ದ ನನಗೆ, ಎರಡೂ ಕಣ್ಣು ತೆರೆದೇ ನೋಡಬೇಕೆಂದು ಕಲಿಸಿದವರು ಅವರೇ. ಅಂದು ಪಟ್ಟಕದೊಳಗಿಂದ ಬಿಳಿಯ ಬೆಳಕು ನೇರಳೆಯಿಂದ ಕೆಂಪಿನವರೆಗೆ ಬಿಚ್ಚಿಕೊಂಡಾಗ, ಅಜ್ಜಿಯ ಕತೆಗಳಲ್ಲಿ ಪೆಟ್ಟಿಗೆಯೊಳಗಿಂದ ಏಳು ಸೀರೆ ಹೊರಬರುತ್ತಿದ್ದುದು ನೆನಪಾಗಿ ನಾನು ಕೋನ ಓದುವುದನ್ನೇ ಮರೆತು ಕುಳಿತಿದ್ದೆ. ಅವರು ಗದರಲಿಲ್ಲ. “ನೋಡ್ಕೊ. ಕೋನ ಎಲ್ಲಿಗೂ ಹೋಗಲ್ಲ” ಎಂದಷ್ಟೇ ಹೇಳಿ ಪಕ್ಕದ ಮೇಜಿಗೆ ನಡೆದರು.

ನನ್ನ ಸಹಪಾಠಿ ಯೋಗರಾಜನಿಗೆ ಕಿವಿ ಮಂದ. ತಂತಿಯ ಪ್ರಯೋಗದಲ್ಲಿ ಎರಡು ಸ್ವರ ಒಂದಾಗುವ ಕ್ಷಣವನ್ನು ಕೇಳಿಸಿಕೊಳ್ಳಲಾಗದೆ ಅವನು ಹಿಂದಿನ ಬೆಂಚಿಗೆ ಸರಿದಿದ್ದ. ಹಿರಿಯಣ್ಣನವರು ಅವನನ್ನು ಕರೆತಂದು, ಕಾಗದದ ಚೂರೊಂದನ್ನು ಮಡಚಿ ತಂತಿಯ ಮೇಲೆ ಕುದುರೆ ಸವಾರನಂತೆ ಕೂರಿಸಿ, ಕಂಪಿಸುವ ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ತಂತಿ ಬಿಗಿದ ಮರದ ಪೆಟ್ಟಿಗೆಗೆ ಒತ್ತಿದರು. ತಂತಿಯ ಉದ್ದ ಸರಿಹೊಂದಿದ ಜಾಗದಲ್ಲಿ ಸವಾರ ಟಪ್ಪನೆ ಹಾರಿ ಬಿದ್ದ. “ಕಿವಿ ಬೇಡ ಕಣಪ್ಪ ಇದಕ್ಕೆ, ಕಣ್ಣು ಸಾಕು” ಎಂದರು. ಆ ವರ್ಷ ಆ ಪ್ರಯೋಗದಲ್ಲಿ ಅವನಷ್ಟು ನಿಖರವಾದ ಅಳತೆ ಬೇರೆ ಯಾರದ್ದೂ ಇರಲಿಲ್ಲ.

ಇನ್ನು ಮುನ್ನೂರ ಮೂವತ್ತೆರಡು ಎಂಬ ಸಂಖ್ಯೆಯ ಮಾತು. ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಬಾಯಿಯ ಬಳಿ ಶ್ರುತಿಕವೆ ಹಿಡಿದು, ನೀರನ್ನು ಮೆಲ್ಲಗೆ ಇಳಿಸುತ್ತಾ ಹೋದರೆ, ಒಂದು ಎತ್ತರದಲ್ಲಿ ಕೊಳವೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಹಾಡುತ್ತದೆ. ಕೆಳಗಿಳಿದ ಅಲೆ ನೀರಿಗೆ ತಾಗಿ ಹಿಂತಿರುಗಿ ಹೊಸ ಅಲೆಯೊಡನೆ ಹೆಜ್ಜೆ ಕೂಡಿಸುವ ಜಾಗ ಅದು. ಇನ್ನಷ್ಟು ಇಳಿಸಿದರೆ ಅಂಥದೇ ಇನ್ನೊಂದು ಜಾಗ ಸಿಗುತ್ತದೆ. ಎರಡರ ನಡುವಿನ ದೂರ ಅಲೆಯ ಉದ್ದದ ಅರ್ಧ. ಅದರಿಂದ ಶಬ್ದದ ವೇಗ. ಜಿಲ್ಲೆಯ ಉಪನ್ಯಾಸಕರ ಬಳಗವೊಂದು ಅಚ್ಚು ಹಾಕಿಸುತ್ತಿದ್ದ, ನಾವೆಲ್ಲ ಬಳಸುತ್ತಿದ್ದ ಕೈಪಿಡಿಯಲ್ಲಿ ‘ನಿಜಬೆಲೆ: ಸೆಕೆಂಡಿಗೆ 332 ಮೀಟರ್’ ಎಂದಿತ್ತು. ಅದು ಸೊನ್ನೆ ಡಿಗ್ರಿಯ ಗಾಳಿಯ ಬೆಲೆ ಎಂಬ ಮಾತು ಎಲ್ಲೂ ಇರಲಿಲ್ಲ. ಹಾಗಾಗಿ ಎಲ್ಲರೂ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಸೆಕೆಂಡಿಗೆ 512 ಸಲ ಕಂಪಿಸುವ ನಮ್ಮ ಶ್ರುತಿಕವೆಗೆ ಆ ನಡುವಿನ ದೂರ 32.4 ಸೆಂಟಿಮೀಟರ್ ಬರುವಂತೆ ಅಳತೆ ಹೊಂದಿಸಿ ಬರೆಯುತ್ತಿದ್ದರು. ಭದ್ರಾವತಿಯ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ, ಹಿಮದ ಗಾಳಿಯ ವೇಗವನ್ನು ಅಳೆದೆವೆಂದು ಸಹಿ ಹಾಕಿಸಿಕೊಂಡ ತಲೆಮಾರುಗಳು ನಾವು!

ಒಂಬತ್ತು ವರ್ಷದ ಹಿಂದಿನ ಫೆಬ್ರವರಿ, ದ್ವಿತೀಯ ಪಿಯುಸಿಯ ಪ್ರಾಯೋಗಿಕ ಪರೀಕ್ಷೆ. ನನಗೆ ಬಂದ ಅಳತೆ 34.2. ವೇಗ ಮುನ್ನೂರೈವತ್ತು. ಪಕ್ಕದ ಮೇಜಿನ ಶಿವರಾಜ್ ಹಣೆ ಚಚ್ಚಿಕೊಂಡ. “ಏ ಮಾರಾಯ್ತಿ, ಮೂವತ್ತೆರಡು ಪಾಯಿಂಟ್ ನಾಲ್ಕು ಅಂತ ಬರ್ದು ಸುಮ್ನಿರೆ! ಸತ್ಯ ಹರಿಶ್ಚಂದ್ರನ ಮೊಮ್ಮಗಳು ನೀನು.” ನಾನು ಹಿರಿಯಣ್ಣನವರ ಮುಖ ನೋಡಿದೆ.

“ಕಂಡಿದ್ದು ಎಷ್ಟು?” ಎಂದರು.

“ಮೂವತ್ನಾಕು ಪಾಯಿಂಟ್ ಎರಡು ಅಣ್ಣಾ.”

“ಮತ್ತೆ? ಕಾಣ್ದೇ ಇರೋದನ್ನ ಹೆಂಗೆ ಬರೀತೀಯ?”

ಬರೆದೆ. ಶಿವಮೊಗ್ಗದಿಂದ ಬಂದಿದ್ದ ಪರೀಕ್ಷಕರಾದ ಶಂಕರನಾರಾಯಣ ಸರ್ ಹಾಳೆ ನೋಡಿ ನಕ್ಕರು. “ಏನಮ್ಮಾ, ಮುನ್ನೂರೈವತ್ತು? ಗಾಳಿಗೆ ಜ್ವರ ಬಂದಿತ್ತಾ?”

“ಬಂದಿತ್ತು ಸಾರ್. ಮೂವತ್ತೊಂದು ಡಿಗ್ರಿ” ಎಂಬ ದನಿ ಹಿಂದಿನಿಂದ ಕೇಳಿತು. ಹಿರಿಯಣ್ಣನವರು ಕೈಯಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದರು. “ಮುನ್ನೂರ ಮೂವತ್ತೆರಡು ಬರ್ಬೇಕಂದ್ರೆ ಈ ಕೊಳವೆ ನೀರು ಐಸಾಗ್ಬೇಕು. ಐಸಾದ್ಮೇಲೆ ಇಳ್ಸೋದು ಹೆಂಗೆ ಸಾರ್?”

“ನೀನು ಅಟೆಂಡರ್ರೋ, ಎಕ್ಸಾಮಿನರ್ರೋ?”

“ಅಟೆಂಡರ್ರೇ ಸಾರ್. ಅದಕ್ಕೇ ನೀರು ತುಂಬಿದ್ದು ನಾನು.”

ನನ್ನ ಅಂಕ ಹೋಯಿತು. ಹಿರಿಯಣ್ಣನವರಿಗೆ ಮರುದಿನವೇ ನೋಟಿಸು ಬಂತು, ಕ್ಷಮಾಪಣೆ ಬರೆದುಕೊಡಬೇಕೆಂದು. “ತಪ್ಪು ಯಾವುದು ಅಂತ ತೋರಿಸಿದರೆ ಬರೆಯುತ್ತೇನೆ” ಎಂದು ಒಂದೇ ಸಾಲಿನ ಉತ್ತರ ಕೊಟ್ಟರು. ಅದರ ಫಲವಾಗಿ ಒಂದೂವರೆ ವರ್ಷ ಅವರನ್ನು ಪ್ರಯೋಗಾಲಯದಿಂದ ಹೊರಗಿಟ್ಟು, ಕಚೇರಿಯಲ್ಲಿ ಕಡತ ಹೊರುವ, ಗಂಟೆ ಬಾರಿಸುವ ಕೆಲಸಕ್ಕೆ ಹಾಕಲಾಯಿತು. ಅಳುತ್ತಾ ಹೋಗಿ ನಿಂತ ನನಗೆ ಅವರು ಹೇಳಿದ ಮಾತನ್ನು ಅಕ್ಷರಶಃ ಕೊಡುತ್ತೇನೆ: “ನಿನ್ ಮಾರ್ಕ್ಸ್ ತರೋದು ನನ್ ಕೈಲಿಲ್ಲ ಸಿರಿ. ಆದ್ರೆ ಮಾತು ಕೊಡ್ತೀನಿ. ಆ ಪುಸ್ತಕದಲ್ಲಿ ಉಷ್ಣಾಂಶಕ್ಕೆ ಒಂದು ಸಾಲು ಹಾಕ್ಸಿಯೇ ನಾನು ರಿಟೈರಾಗೋದು.”

ಮಾತು ಕೊಡುವುದು ಸುಲಭ. ಅಟೆಂಡರರ ಅಳತೆಯನ್ನು ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಬರೆಯುವಂತಿರಲಿಲ್ಲ. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆ ಸುಮನಾ ಮೇಡಂ ಹಟ ಹಿಡಿದು ಅವರನ್ನು ವಾಪಸು ಕರೆಸಿಕೊಂಡ ದಿನದಿಂದ, ಅವರು ದಿನವೂ ಕೊಳವೆ ಜೋಡಿಸಿ ತಾವೇ ಕಿವಿಯಿಟ್ಟು ಕೇಳಿ, ಅಂದಿನ ಉಷ್ಣಾಂಶವನ್ನೂ ಅಂದಿನ ಅಳತೆಯನ್ನೂ ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದಿಟ್ಟರು. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಅತಿಥಿ ಉಪನ್ಯಾಸಕಿಯಾಗಿ ಅದೇ ಕಾಲೇಜಿಗೆ ಮರಳಿದಾಗ, ಸೆಣಬಿನ ದಾರದಲ್ಲಿ ಕಟ್ಟಿದ ಸಾವಿರಕ್ಕೂ ಮಿಕ್ಕಿದ ಹಾಳೆಗಳನ್ನು ನನ್ನ ಮುಂದಿಟ್ಟರು. ಗ್ರಾಫ್ ಹಾಕಿದೆವು. ಡಿಸೆಂಬರ್ ಬೆಳಗಿನ ಹದಿನೆಂಟು ಡಿಗ್ರಿಗೆ ಮುನ್ನೂರ ನಲವತ್ತೆರಡು, ಏಪ್ರಿಲ್ ಮಧ್ಯಾಹ್ನದ ಮೂವತ್ತಾರಕ್ಕೆ ಮುನ್ನೂರ ಐವತ್ತಮೂರು; ನಡುವಿನ ಚುಕ್ಕಿಗಳೆಲ್ಲ ಒಂದೇ ಗೆರೆಗೆ ಸಾಲುಗಟ್ಟಿದವು. ಆ ಗೆರೆಯನ್ನು ಸೊನ್ನೆ ಡಿಗ್ರಿಯವರೆಗೆ ಹಿಂದಕ್ಕೆಳೆದರೆ ಅದು ಮುನ್ನೂರ ಮೂವತ್ತೆರಡರ ಹತ್ತಿರವೇ ಹೋಗಿ ನಿಂತಿತು. ಹಿರಿಯಣ್ಣನವರು ಆ ಗೆರೆಯ ಮೇಲೆ ಬೆರಳಾಡಿಸಿ, “ಪುಸ್ತಕ ಸುಳ್ಳು ಹೇಳಿರ್ಲಿಲ್ಲ ನೋಡು. ಯಾವ ಊರಿನ ಮಾತು ಅಂತ ಹೇಳೋದು ಮರ್ತಿತ್ತು ಅಷ್ಟೇ” ಎಂದರು. ಹೊರಗಿಟ್ಟವರ ಮೇಲೆ ಅವರಿಗಿದ್ದ ಸಿಟ್ಟು ಪುಸ್ತಕದ ಮೇಲೆ ಇರಲಿಲ್ಲ.

ಈ ಮೇ ತಿಂಗಳಲ್ಲಿ ಕೈಪಿಡಿಯ ಪರಿಷ್ಕರಣ ಸಭೆ ಶಿವಮೊಗ್ಗದಲ್ಲಿ ಸೇರಿತು. ಗ್ರಾಫ್ ಹಿಡಿದು ನಾನೂ ಹಿರಿಯಣ್ಣನವರೂ ಹೋದೆವು. ಅಧ್ಯಕ್ಷರು ಅದೇ ಶಂಕರನಾರಾಯಣ ಸರ್. ನಮ್ಮ ಗ್ರಾಫನ್ನು ಪಕ್ಕಕ್ಕೆ ಸರಿಸಿ, “ಅಟೆಂಡರರ ರೀಡಿಂಗ್ ದಾಖಲೆ ಆಗೋದಿಲ್ಲಮ್ಮ” ಎಂದರು. ಹಿರಿಯಣ್ಣನವರು ಹೊರಗೆ ಹೋಗಿ ಕ್ಯಾಂಟೀನಿನ ನೀಲಿ ಡ್ರಮ್ಮನ್ನು ನೀರಿನ ಸಮೇತ ಉರುಳದಂತೆ ತಳ್ಳಿಕೊಂಡು ಬಂದರು. ಬಸ್ಸಿನಲ್ಲಿ ಟವೆಲ್ಲಿಗೆ ಸುತ್ತಿ ತಂದಿದ್ದ ಪಿವಿಸಿ ಪೈಪಿನ ತುಂಡನ್ನು ಅದರೊಳಗೆ ಅದ್ದಿ, ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು, “ನನ್ನದು ಬೇಡ ಸಾರ್. ನೀವೇ ಕಿವಿ ಇಡಿ, ನೀವೇ ಗುರುತು ಹಾಕಿ” ಎಂದರು.

ಇಪ್ಪತ್ತು ಉಪನ್ಯಾಸಕರ ಎದುರು ಇಲ್ಲವೆನ್ನಲಾಗದೆ ಶಂಕರನಾರಾಯಣ ಸರ್ ಬಗ್ಗಿದರು. ಪೈಪು ಮೇಲೇರಿತು, ಒಮ್ಮೆ ಹಾಡಿತು, ಗುರುತು ಹಾಕಿದರು. ಇನ್ನಷ್ಟು ಏರಿತು, ಮತ್ತೆ ಹಾಡಿತು. ಸ್ಕೇಲಿನಲ್ಲಿ ಅಳೆದರು: 34.3. ಮತ್ತೆ ಅಳೆದರು. ಮೂರನೆಯ ಸಲ ತಾವೇ ಪೈಪು ಹಿಡಿದು ಅಳೆದರು. ಆಮೇಲೆ ತೋಯ್ದ ಅಂಗಿ ತೋಳನ್ನು ಹಿಂಡುತ್ತ, “ಇಷ್ಟು ವರ್ಷದಲ್ಲಿ ನಾನೇ ಕೈಯಾರೆ ಮಾಡಿರ್ಲಿಲ್ಲ ಮಾರಾಯ” ಎಂದರು. ಆ ಮಾತನ್ನು ಎಲ್ಲರೆದುರು ಆಡಿದ ಅವರಿಗೂ ಈ ಗ್ರಂಥದಲ್ಲಿ ನನ್ನ ನಮಸ್ಕಾರ ಸಲ್ಲಬೇಕು. ಆದರೆ ಈ ವರ್ಷದ ಕೈಪಿಡಿ ಆಗಲೇ ಮುದ್ರಣಕ್ಕೆ ಹೋಗಿತ್ತು. ಮುಂದಿನ ವರ್ಷ ಸೇರಿಸೋಣ ಎಂದರು ಸಭಿಕರು. ಮುಂದಿನ ವರ್ಷ ಹಿರಿಯಣ್ಣನವರು ಸೇವೆಯಲ್ಲಿ ಇರುವುದಿಲ್ಲ.

ನಿವೃತ್ತರಾದವರಿಗೆ ವಿಶ್ರಾಂತಿಯನ್ನು ಹಾರೈಸುವುದು ವಾಡಿಕೆ. ನಾನು ಹಾರೈಸಲಾರೆ. ಅವರ ಕಿವಿ ನೂರು ವರ್ಷ ಚುರುಕಾಗಿರಲಿ, ಮೊಣಕಾಲು ಶ್ರುತಿಕವೆಯ ಪೆಟ್ಟನ್ನು ಇನ್ನೂ ಬಹುಕಾಲ ತಾಳಲಿ, ಊರಿನ ಯಾವ ಶಾಲೆಯಲ್ಲಿ ಯಾವ ಮಗು ಹೊಂದಿಸಿದ ಅಳತೆ ಬರೆದರೂ ಅದರ ಬೆನ್ನ ಹಿಂದೆ ಚೊಂಬು ಹಿಡಿದು ನಿಂತು ‘ಕಂಡಿದ್ದು ಎಷ್ಟು?’ ಎಂದು ಕೇಳುವ ಕೆಲಸ ಅವರಿಂದ ನಡೆಯುತ್ತಲೇ ಇರಲಿ. ಇದು ನಮ್ಮೆಲ್ಲರ ಪ್ರಾರ್ಥನೆ.

ಸಭೆ ಮುಗಿದ ಮೂರನೆಯ ದಿನ, ಆ ಪುಟ ಇನ್ನೂ ಅಚ್ಚಾಗಿರದಿದ್ದರೆ ಉಷ್ಣಾಂಶದ ಸಾಲು ಸೇರಿಸಿ ಎಂದು ಶಂಕರನಾರಾಯಣ ಸರ್ ಬರೆದುಕೊಟ್ಟ ಚೀಟಿ ಹಿಡಿದು ಹಿರಿಯಣ್ಣನವರೂ ನಾನೂ ಶಿವಮೊಗ್ಗದ ಗಾಂಧಿ ಬಜಾರಿನ ಓಣಿಯಲ್ಲಿದ್ದ ಮುದ್ರಣಾಲಯಕ್ಕೆ ಹೋದೆವು. ಮಾಲೀಕರಾದ ಜ್ಞಾನೇಶ್ ಚೀಟಿ ಓದಿ, “ಅರ್ಧ ಪುಸ್ತಕ ಮುಗ್ದೋಯ್ತಲ್ಲಾ ಸ್ವಾಮಿ! ಯಾವ ಪುಟ?” ಎಂದು ಗೊಣಗಿದರು. ನಮ್ಮ ಅದೃಷ್ಟಕ್ಕೆ ಶಬ್ದದ ಪ್ರಯೋಗಗಳ ಪುಟಗಳು ಇನ್ನೂ ಮುದ್ರಣವಾಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು, ಅಳತೆಗಳ ಪಟ್ಟಿಯ ಮೇಲೆ ‘ಕೋಣೆಯ ಉಷ್ಣಾಂಶ’ ಎಂದು ಬೆರಳಚ್ಚಿಸಿ, ಅವರು ತಿರುಗಿ ಕೇಳಿದರು: “ಮುಂದೆ ಎಷ್ಟು ಅಂತ ಹಾಕ್ಲಿ? ಮೂವತ್ತು ಹಾಕ್ಬಿಡ್ಲಾ?”

“ಅಯ್ಯೋ, ಬೇಡ್ರೀ! ನಂಬರ್ ಮಾತ್ರ ಹಾಕ್ಬೇಡಿ” ಎಂದು ಹಿರಿಯಣ್ಣನವರು ಕುರ್ಚಿಯಿಂದ ಎದ್ದೇ ಬಿಟ್ಟರು. “ಖಾಲಿ ಬಿಡಿ. ಅದನ್ನ ಮಕ್ಳು ನೋಡಿ ಬರೀತಾರೆ.”

ಜ್ಞಾನೇಶ್ ಚುಕ್ಕಿಗಳ ಸಾಲೊಂದನ್ನು ಎಳೆದು, ಕೊನೆಗೆ ಡಿಗ್ರಿಯ ಗುರುತಿಟ್ಟು, ಪುಟವನ್ನು ಯಂತ್ರಕ್ಕೆ ಕಳಿಸಿದರು. ಮೊದಲ ಹಾಳೆ ಹೊರಬಂದಾಗ ಮಧ್ಯಾಹ್ನ ಮೂರೂವರೆ, ಮೇ ಇಪ್ಪತ್ತೊಂಬತ್ತು. ಹಿರಿಯಣ್ಣನವರ ಸೇವೆಯಲ್ಲಿ ಇನ್ನೂ ಎರಡು ದಿನ ಬಾಕಿಯಿತ್ತು.