ಸೊಸೆಯ ಕೆನ್ನೆಯ ಮಚ್ಚೆ

ನಮ್ಮ ಮಿಲ್ಲು ಉಳಿದದ್ದು ಸೊಸೆಯ ಕೆನ್ನೆಯ ಮಚ್ಚೆಯಿಂದ ಅಲ್ಲ, ಸೊಸೆಯಿಂದ. ಆದದ್ದು ಇಷ್ಟೇ. ಉಳಿದದ್ದೆಲ್ಲ ನನ್ನ ಗಂಡ ಊರಿಡೀ ಹೇಳಿಕೊಂಡು ತಿರುಗಿದ ಕತೆ.

ವಾಮಂಜೂರಿನಲ್ಲಿ ರಸ್ತೆಗೆ ತಾಗಿ ನಮ್ಮದೊಂದು ಹಿಟ್ಟಿನ ಮಿಲ್ಲು ಇದೆ. ಅಕ್ಕಿ, ರಾಗಿ, ಮೆಣಸು, ಕೊತ್ತಂಬರಿ ಯಾವುದು ತಂದರೂ ಹುಡಿ ಮಾಡಿ ಕೊಡುತ್ತೇವೆ. ಸುತ್ತಲಿನ ಗದ್ದೆಗಳಲ್ಲಿ ಈಗ ಮನೆಗಳೂ ಕಾಲೇಜುಗಳೂ ಎದ್ದಿವೆ. ಆದರೂ ಮಳೆಗಾಲಕ್ಕೆ ಮೊದಲು ಮೆಣಸು ಒಣಗಿಸಿ ಹುಡಿ ಮಾಡಿಸಿ ಡಬ್ಬಿಗೆ ತುಂಬಿಸುವ ಅಭ್ಯಾಸವನ್ನು ಜನ ಬಿಟ್ಟಿಲ್ಲ.

ಸೊಸೆ ಬರುವ ಮೊದಲು ಆ ಮಿಲ್ಲು ಮುಚ್ಚುವ ಹಾಗಿತ್ತು. ಕಾರಣ ನನಗೆ ಗೊತ್ತಿತ್ತು. ನನ್ನ ಗಂಡ ಮೆಣಸು ಮಾಡಿದ ಯಂತ್ರವನ್ನು ಸರಿಯಾಗಿ ಗುಡಿಸದೆ ಅದಕ್ಕೇ ಅಕ್ಕಿ ಸುರಿಯುತ್ತಿದ್ದರು. ನಮ್ಮ ಹಿಟ್ಟಿನ ರೊಟ್ಟಿ ತಿಂದ ಮಕ್ಕಳ ಕಣ್ಣಲ್ಲಿ ನೀರು ಬರುತ್ತಿತ್ತು. ಯಾರಾದರೂ ಹೇಳಿದರೆ, "ಸ್ವಲ್ಪ ಖಾರ ಇದ್ರೆ ಶೀತಕ್ಕೆ ಒಳ್ಳೇದು," ಎನ್ನುತ್ತಿದ್ದರು. ಜನ ಎದುರು ಮಾತಾಡಲಿಲ್ಲ, ಬೇರೆ ಮಿಲ್ಲಿಗೆ ಹೋದರು.

ಮಗ ಮದುವೆಯಾಗಿ ಹೆಂಡತಿಯನ್ನು ನಮ್ಮಲ್ಲಿ ಬಿಟ್ಟು ದುಬಾಯಿಗೆ ಹೋದ. ಅವಳು ಯಾರೂ ಕರೆಯದೆಯೇ ಮಿಲ್ಲಿಗೆ ಇಳಿದಳು. ಮೊದಲು ಮಾಡಿದ್ದು ಯಂತ್ರ ಬಿಚ್ಚಿ ತೊಳೆದದ್ದು. ಆಮೇಲೆ ಮೆಣಸಿಗೆ ಒಂದು ದಿನ, ಅಕ್ಕಿಗೆ ಒಂದು ದಿನ ಎಂದು ಮಾಡಿದಳು. ಮಾವನಿಗೆ ಹೇಳಿದಳು ಅಷ್ಟೇ, ಒಪ್ಪಿಗೆ ಕೇಳಲಿಲ್ಲ. ಜನ ತಂದ ಮೆಣಸನ್ನು ಕೈಯಲ್ಲಿ ಮುರಿದು ನೋಡುತ್ತಿದ್ದಳು. ಪಟ್ಟನೆ ಮುರಿಯದಿದ್ದರೆ, "ಇದಕ್ಕೆ ಇನ್ನೊಂದು ಬಿಸಿಲು ಬೇಕು ಅಕ್ಕಾ, ಈಗ ಮಾಡಿದ್ರೆ ಬೂಷ್ಟು ಹಿಡೀತದೆ," ಎಂದು ಗೋಣಿಯನ್ನು ತಿರುಗಿ ಕಳಿಸುತ್ತಿದ್ದಳು. ಬಂದ ಗಿರಾಕಿಯನ್ನು ವಾಪಸು ಕಳಿಸುವ ಧೈರ್ಯ ನನಗೂ ಇರಲಿಲ್ಲ. ಹಾಗೆ ಹೋದವರೆಲ್ಲ ಮೆಣಸು ಒಣಗಿಸಿಕೊಂಡು ಬಂದರು. ಬರುವಾಗ ನೆರೆಯವರನ್ನೂ ಕರೆದುಕೊಂಡು ಬಂದರು.

ಅವಳ ಎಡ ಕೆನ್ನೆಯ ಕೆಳಗೆ, ದವಡೆಯ ಹತ್ತಿರ ಒಂದು ಮಚ್ಚೆ ಇತ್ತು. ಮದುವೆಯ ಹೊತ್ತಿಗೆ ಸಾಸಿವೆಯಷ್ಟು. ನನ್ನ ಗಂಡ ಅದನ್ನು ಹಿಡಿದುಕೊಂಡರು. ಹೆಣ್ಣಿಗೆ ಎಡ ಕೆನ್ನೆಯಲ್ಲಿ ಮಚ್ಚೆ ಇದ್ದರೆ ಅದು ಲಕ್ಷ್ಮಿಯಂತೆ. ಅವಳು ಕಾಲಿಟ್ಟ ವರ್ಷವೇ ಮಿಲ್ಲು ಎದ್ದಿತಂತೆ. ಗಿರಾಕಿಗಳೂ ಅದನ್ನು ನಂಬಿದರು. ಮೊದಲ ಹಿಡಿಯನ್ನು ಅವಳ ಕೈಯಿಂದಲೇ ಹಾಕಿಸುವ ಕ್ರಮ ಶುರುವಾಯಿತು. ಅವಳು ಬೆಳಿಗ್ಗೆ ಐದಕ್ಕೆ ಎದ್ದು ಯಂತ್ರ ಒರೆಸುವುದನ್ನು ಯಾರೂ ನೋಡಲಿಲ್ಲ, ಮಚ್ಚೆ ಮಾತ್ರ ಎಲ್ಲರಿಗೂ ಕಂಡಿತು.

ಮೆಣಸು ಮಾಡುವ ದಿನ ಅವಳು ಮೂಗು ಬಾಯಿಗೆ ಬೈರಾಸು ಬಿಗಿದು ಕಟ್ಟಿಕೊಳ್ಳುತ್ತಾಳೆ. ಹೋದ ಬೇಸಿಗೆಯಲ್ಲಿ ಒಂದು ದಿನ ಅದನ್ನು ಬಿಚ್ಚಿದಾಗ ಬಟ್ಟೆಯಲ್ಲಿ ರಕ್ತದ ಕಲೆ ಇತ್ತು. ನಾನು ಹತ್ತಿರ ಹೋಗಿ ನೋಡಿದೆ. ಸಾಸಿವೆ ಹೋಗಿ ಕಾಳುಮೆಣಸಾಗಿತ್ತು. ಒಂದು ಬದಿ ಕಂದು, ಇನ್ನೊಂದು ಬದಿ ಕಪ್ಪು.

"ಯಾವಾಗಿನಿಂದ ಹೀಗೆ?" ಎಂದೆ.

"ದೀಪಾವಳಿಯಿಂದ ಬೆಳೀತಾ ಉಂಟು ಮಾಮಿ. ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟಿದ್ದೇನೆ. ನೋಡಿ, ಇದು ಆಗ, ಇದು ಈಗ."

"ಮತ್ತೆ ಬಾಯಿಗೆ ಎಂತ ಬೀಗ ಹಾಕಿದ್ದಾ?"

"ಮಾಮನಿಗೆ ಹೇಳಿದ್ದೆ. ಅವರಿಗೆ ಖುಷಿಯಾಯ್ತು."

ಖುಷಿಯಾಗಿದ್ದು ನಿಜ. ನಾನು ಕೇಳಿದಾಗ ನನ್ನ ಗಂಡ ಕುರ್ಚಿಯಿಂದ ಏಳದೆ, "ಮಚ್ಚೆ ಬೆಳೆದ್ರೆ ಮನೆ ಬೆಳೀತದೆ. ಅದಕ್ಕೆ ಎಂತಕ್ಕೆ ಮುಖ ಸಣ್ಣ ಮಾಡೋದು?" ಎಂದರು. ಬೇರೆ ಯಾರ ಮನೆಯಲ್ಲಾದರೂ ಮೈಮೇಲೆ ಏನಾದರೂ ಬೆಳೆದರೆ ಹೆದರುತ್ತಾರೆ. ನಮ್ಮಲ್ಲಿ ಸಂತೋಷಪಟ್ಟರು.

ಸೊಸೆಯ ತಾಯಿ ಎದೆಯಲ್ಲಿ ಗಡ್ಡೆಯಾಗಿ, ತಡವಾಗಿ ತೋರಿಸಿ, ತೀರಿಹೋದವರು. ಅವಳ ಮನಸ್ಸಿನಲ್ಲಿ ಏನಿದೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಆಚೆಮನೆಯವಳು ಬಂದು ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸಲು ಹೇಳಿದಳು. "ಸುಟ್ಟು ಉದುರಿ ಹೋಗ್ತದೆ ಮಾರಾಯ್ತಿ, ನಮ್ಮ ಅಜ್ಜಿ ಹಾಗೆಯೇ ಮಾಡ್ತಿದ್ದದ್ದು." ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಎದ್ದು ಬರುತ್ತದೆ, ಅದನ್ನು ಮುಖಕ್ಕೆ ಹಚ್ಚಬೇಕಂತೆ. ಅವಳ ಮಗಳು ಹಂಪನಕಟ್ಟೆಯ ಯಾವುದೋ ಪಾರ್ಲರಿನ ಹೆಸರು ಹೇಳಿದಳು. ಅಲ್ಲಿ ಲೇಸರ್ ಬಿಟ್ಟು ಕೂತಲ್ಲೇ ತೆಗೆಯುತ್ತಾರಂತೆ.

ಸೊಸೆ ಇಬ್ಬರಿಗೂ ಚಹಾ ಕೊಟ್ಟಳು. ಅವರು ಹೋದ ಮೇಲೆ ನನಗೆ, "ಸುಟ್ಟು ಹಾಕಿದ್ರೆ ಒಳಗೆ ಎಂತ ಇತ್ತು ಅಂತ ಹೇಗೆ ಗೊತ್ತಾಗೋದು ಮಾಮಿ?" ಎಂದಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ನನ್ನ ತಲೆಗೆ ಅದು ಹೊಳೆದಿರಲಿಲ್ಲ. ನಾನು ಗೇರೆಣ್ಣೆ ಯಾರಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಿದ್ದೆ.

ಮಗ ಫೋನಿನಲ್ಲಿ, "ಅಪ್ಪ ಬೇಡ ಹೇಳ್ತಾರಲ್ಲ, ನಾನು ರಜೆಯಲ್ಲಿ ಬಂದ ಮೇಲೆ ನೋಡುವ," ಎಂದ.

"ಮಚ್ಚೆ ನಿಮ್ಮ ರಜೆಗೆ ಕಾಯ್ತದಾ?" ಎಂದಳು ಸೊಸೆ. ಮಾವನ ಹತ್ತಿರ ಅವಳು ಜಗಳ ಮಾಡಲಿಲ್ಲ. ಅನ್ನ ಬಡಿಸುತ್ತಾ, "ಮಾಮ, ನಾಳೆ ಮೆಣಸು ಇಲ್ಲ. ನಾನೂ ಮಾಮಿಯೂ ಫಳ್ನೀರಿಗೆ ಹೋಗ್ತೇವೆ," ಎಂದಳು ಅಷ್ಟೇ.

ಫಳ್ನೀರಿನ ಚರ್ಮದ ಡಾಕ್ಟ್ರು ಸಣ್ಣ ಪ್ರಾಯದ ಹೆಂಗಸು. ಬೆಳಕು ಇರುವ ಒಂದು ಮಸೂರವನ್ನು ಮಚ್ಚೆಗೆ ತಾಗಿಸಿ ತುಂಬ ಹೊತ್ತು ನೋಡಿದರು. ಸೊಸೆ ಫೋಟೋಗಳನ್ನು ತೋರಿಸಿದಳು. ಅದನ್ನು ನೋಡಿ ಡಾಕ್ಟ್ರಿಗೆ ಸಂತೋಷವಾಯಿತು. ಬೆಳೆದಿದೆ ಎಂದು ಹೇಳುವವರು ತುಂಬ ಮಂದಿ ಬರುತ್ತಾರಂತೆ, ಎಷ್ಟು ಬೆಳೆದಿದೆ ಎಂದು ತೋರಿಸುವವರು ಕಡಿಮೆಯಂತೆ.

"ಡಾಕ್ಟ್ರೇ, ಎಲ್ಲ ಮಚ್ಚೆಯೂ ತೆಗೆಸಬೇಕಾ? ಕುತ್ತಿಗೆಯಲ್ಲಿ ಉಂಟು, ಕೈಯಲ್ಲಿ ಉಂಟು."

"ಬೇಡ. ಮಚ್ಚೆ ಇಲ್ಲದ ಮನುಷ್ಯರೇ ಇಲ್ಲ. ಹಳೇದು, ಉರುಟಾಗಿ, ಒಂದೇ ಬಣ್ಣದಲ್ಲಿ ಸುಮ್ಮನೆ ಇದ್ರೆ ಅದರ ಪಾಡಿಗೆ ಬಿಡಿ. ಎರಡು ಬದಿ ಒಂದೇ ಹಾಗೆ ಇಲ್ಲ, ಅಂಚು ಹರಿದ ಹಾಗೆ ಉಂಟು, ಬಣ್ಣ ಬೇರೆ ಬೇರೆ ಆಗಿದೆ, ಬೆಳೀತಾ ಉಂಟು, ತುರಿಸ್ತದೆ, ರಕ್ತ ಬರ್ತದೆ, ಇಂಥದ್ದು ಕಂಡ್ರೆ ತೋರಿಸಬೇಕು. ಉಳಿದವುಗಳ ಹಾಗೆ ಕಾಣದೆ ಒಂದು ಮಾತ್ರ ಬೇರೆಯೇ ಕಂಡ್ರೂ ತೋರಿಸಬೇಕು."

"ಗೋಣಿಯಲ್ಲಿ ಕೆಟ್ಟ ಮೆಣಸು ಹೆಕ್ಕುವ ಹಾಗೆ," ಎಂದಳು ಸೊಸೆ.

"ಹಾಗೇ. ಆದ್ರೆ ಬೇರೆ ಕಂಡದ್ದೆಲ್ಲ ಕೆಟ್ಟದ್ದು ಅಂತ ಅಲ್ಲ. ನಿಮ್ಮದು ಬಟ್ಟೆ ಉಜ್ಜಿ ಹೀಗಾಗಿರಬಹುದು. ಹೆಚ್ಚಿನವು ಏನೂ ಇರುವುದಿಲ್ಲ. ಆದ್ರೆ ಬರೇ ನೋಡಿ ನಾನು ಪ್ರಮಾಣ ಮಾಡುವುದಿಲ್ಲ. ಪೂರ್ತಿ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸುವುದು ಸರಿ. ಸುಡಬಾರದು, ಸುಟ್ಟರೆ ಪರೀಕ್ಷೆಗೆ ಎಂತ ಉಳೀತದೆ?"

ಸೊಸೆ ನನ್ನ ಕಡೆ ನೋಡಲೇ ಇಲ್ಲ. ನಾನಾಗಿದ್ದರೆ, ನಾನು ಹೇಳಲಿಲ್ಲವಾ ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದೆ. ಅವಳು ಮುಂದಿನ ಪ್ರಶ್ನೆ ಕೇಳಿದಳು. ಕಲೆ ಉಳಿಯುತ್ತದಾ? ಸಣ್ಣ ಗೆರೆ ಉಳಿಯುತ್ತದೆ. ಪುನಃ ಬರುತ್ತದಾ? ಪೂರ್ತಿ ತೆಗೆದರೆ ಸಾಮಾನ್ಯವಾಗಿ ಇಲ್ಲ. ಮೆಣಸಿನ ಹುಡಿಯಲ್ಲಿ ಕೆಲಸ ಮಾಡಬಹುದಾ? ಹೊಲಿಗೆ ತೆಗೆದು ಗಾಯ ಒಣಗುವವರೆಗೆ ಆ ಕಡೆ ತಲೆ ಹಾಕಬಾರದು.

"ಬರೇ ಚಂದಕ್ಕೆ ಅಂತಾದ್ರೆ, ತೆಗೆಸುವುದೂ ಬಿಡುವುದೂ ನಿಮ್ಮ ಇಷ್ಟ ಅಂತ ಹೇಳ್ತಿದ್ದೆ," ಎಂದರು ಡಾಕ್ಟ್ರು. "ಇದು ಚಂದದ ಪ್ರಶ್ನೆ ಅಲ್ಲ."

"ತೆಗೆಯಿರಿ," ಎಂದಳು. ನನ್ನನ್ನು ಕೇಳಲಿಲ್ಲ, ದುಬಾಯಿಗೆ ಫೋನೂ ಮಾಡಲಿಲ್ಲ. ಅವಳ ಮುಖ, ಅವಳೇ ಹೇಳಿದಳು.

ಮರಗಟ್ಟಿಸಿ ತೆಗೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಸಣ್ಣ ಬಾಟ್ಲಿಯಲ್ಲಿ ಹಾಕಿ ನಮಗೆ ತೋರಿಸಿದರು. ಇಷ್ಟು ವರ್ಷ ನನ್ನ ಗಂಡ ಕೈಮುಗಿಯುವುದೊಂದೇ ಬಾಕಿ ಇಟ್ಟಿದ್ದ ಆ ಲಕ್ಷ್ಮಿ ಔಷಧಿಯ ನೀರಿನಲ್ಲಿ ತೇಲುತ್ತಿತ್ತು. ಸೊಸೆ ಅದನ್ನು ಒಮ್ಮೆ ನೋಡಿ ಪಟ್ಟಿ ಕಟ್ಟಿದ ಕೆನ್ನೆಯಲ್ಲೇ ಬಸ್ಸು ಹತ್ತಿದಳು.

ಆಮೇಲಿನ ದಿನಗಳಲ್ಲಿ ಮಿಲ್ಲು ನನ್ನ, ನನ್ನ ಗಂಡನ ಕೈಗೆ ಬಿತ್ತು. ಮೆಣಸಿನ ಕಾಲ ಬೇರೆ. ನಾವು ಮಾಡಿದ ಹುಡಿ ಒಮ್ಮೆ ತರಿತರಿ, ಒಮ್ಮೆ ಬಿಸಿಯಾಗಿ ಬಣ್ಣ ಸತ್ತದ್ದು. ಒಬ್ಬರು ಗೋಣಿಯ ಬಾಯಿ ಬಿಚ್ಚದೆಯೇ ತಿರುಗಿ ತೆಗೆದುಕೊಂಡು ಹೋದರು.

"ನೋಡಿದ್ಯಾ? ಮಚ್ಚೆ ಹೋಯ್ತು, ಜನವೂ ಹೋದ್ರು," ಎಂದರು ನನ್ನ ಗಂಡ.

"ಮಚ್ಚೆ ಎಲ್ಲಿ ಅಂತ ಯಾರಾದ್ರೂ ಕೇಳಿದ್ರಾ? ಸೊಸೆ ಯಾವಾಗ ಬರ್ತಾಳೆ ಅಂತಲ್ಲವಾ ಕೇಳಿದ್ದು? ಕಿವಿಯಲ್ಲಿ ಎಂತ ಹಿಟ್ಟು ತುಂಬಿದೆಯಾ?"

ರಿಪೋರ್ಟ್ ಬರುವವರೆಗೆ ಅವರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ ಎಂಬುದನ್ನು ನಾನು ನೋಡಿದ್ದೇನೆ. ಸೊಸೆ ಮಾತ್ರ ಊಟ ಮಾಡಿದಳು, ಬಟ್ಟೆ ಒಗೆದಳು, ಮನೆಯ ಬಾಗಿಲಲ್ಲಿ ನಿಂತು ಜನ ತಂದ ಮೆಣಸನ್ನು ಮುರಿದು ನೋಡಿ ಯಾವುದು ಆಗಬಹುದು, ಯಾವುದು ಆಗದು ಎಂದು ಹೇಳಿದಳು. ಒಮ್ಮೆ ಮಾತ್ರ, ತರಕಾರಿ ಹೆಚ್ಚುವಾಗ ಕೈ ನಿಲ್ಲಿಸಿ, "ಅಮ್ಮನೂ ಹೀಗೆಯೇ ಕಾಯ್ತಾ ಇದ್ದದ್ದು," ಎಂದಳು. ನಾನು ಚೂರಿ ತೆಗೆದುಕೊಂಡು ಉಳಿದ ಬೆಂಡೆಕಾಯಿ ಹೆಚ್ಚಿದೆ. ಬೇರೆ ಮಾತು ನನಗೆ ಬರುವುದಿಲ್ಲ.

ರಿಪೋರ್ಟ್ ಬಂತು. ಕೆಟ್ಟದ್ದು ಏನೂ ಇಲ್ಲ. ಸಾಧಾರಣ ಮಚ್ಚೆ, ಬಟ್ಟೆ ಉಜ್ಜಿ ಕೆರಳಿದ್ದು. ಸೊಸೆ ಬಾವಿಕಟ್ಟೆಗೆ ಹೋಗಿ ಕಾಲಿಗೆ ನೀರು ಸುರಿದುಕೊಂಡು ಬಂದು ಜಗಲಿಯಲ್ಲಿ ಕೂತಳು.

ನನ್ನ ಗಂಡನಿಗೆ ಜೀವ ಬಂತು, ಜೀವದ ಜೊತೆಗೆ ಬಾಯಿಯೂ ಬಂತು. "ನಾನು ಮೊದಲೇ ಹೇಳಿದ್ದೆ, ಎಂತ ಇಲ್ಲ ಅಂತ. ಸುಮ್ಮನೆ ತೆಗೆಸಿದ್ದು."

"ಮಾಮ," ಎಂದಳು ಸೊಸೆ, ಸ್ವರ ಏರಿಸದೆ. "ಎಂತ ಇಲ್ಲ ಅಂತ ಗೊತ್ತಾದದ್ದು ಈಗ. ಆಗ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

ನಾನು ತುಂಬ ಜನರ ಮಾತು ಕೇಳಿದ್ದೇನೆ. ಇಷ್ಟು ಕಡಿಮೆ ಮಾತಿನಲ್ಲಿ ನನ್ನ ಗಂಡನ ಬಾಯಿ ಮುಚ್ಚಿಸಿದವರನ್ನು ನೋಡಿದ್ದು ಅದೇ ಮೊದಲು. ನನಗೆ ಇಷ್ಟು ವರ್ಷ ಬೊಬ್ಬೆ ಹೊಡೆದರೂ ಆಗದ ಕೆಲಸ. ಅವರು ಸ್ವಲ್ಪ ಹೊತ್ತು ರಿಪೋರ್ಟನ್ನು ತಲೆಕೆಳಗೆ ಹಿಡಿದು ಓದಿದ ಹಾಗೆ ಮಾಡಿ, ಮಡಚಿ ದೇವರ ಫೋಟೋದ ಹಿಂದೆ ಇಟ್ಟರು.

ಮರುದಿನ ಬೆಳಿಗ್ಗೆ, ಬಿಸಿಲು ಜಗಲಿಗೆ ಬಿದ್ದ ಕೂಡಲೇ, ನಾನು ಸ್ಟೂಲು ತಂದು ಅಂಗಳಕ್ಕೆ ಹಾಕಿ ನನ್ನ ಗಂಡನಿಗೆ ಅಂಗಿ ತೆಗೆಯಲು ಹೇಳಿದೆ. ರಸ್ತೆಯಲ್ಲಿ ಜನ ಹೋಗುತ್ತಾರೆ ಎಂದರು. ಹೋಗಲಿ ಎಂದೆ. ಕನ್ನಡಕ ಹಾಕಿಕೊಂಡು ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನಿನ ಮಚ್ಚೆಗಳನ್ನು ಒಂದೊಂದಾಗಿ ನೋಡಿದೆ. ಹೆಚ್ಚಿನವು ನಾನು ಮದುವೆಯಾಗಿ ಬಂದಾಗಿನಿಂದ ನೋಡಿದವು. ಭುಜದ ಮೂಳೆಯ ಕೆಳಗೆ ಒಂದು ಮಾತ್ರ ನನಗೆ ಗುರುತಿರಲಿಲ್ಲ. ಅಂಚು ನೆಟ್ಟಗಿರಲಿಲ್ಲ.

"ಎಂತ ಕಂಡಿತು?" ಎಂದರು, ತಿರುಗದೆ.

"ಅಂಗಿ ಹಾಕಿ. ಒಗೆದದ್ದು ಹಾಕಿ," ಎಂದೆ. "ಫಳ್ನೀರಿಗೆ ಹೋಗುವ."